ನಾಲ್ಕೂವರೆಯ ಬಾಗಿಲು

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲ ಬಳಿ ಒಂದು ಮರದ ಟ್ರೇ ಇತ್ತು. ಒಳಗೆ ಕಾಲಿಡುವ ಮುನ್ನ ಪ್ರತಿಯೊಬ್ಬ ಹುಡುಗಿಯೂ ತನ್ನ ಫೋನನ್ನು ಅದರಲ್ಲಿ ಮಲಗಿಸಿ ಬರಬೇಕು. ಈ ಕಾನೂನು ಮಾಡಿದವಳು ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುವ ಬೇಡಮ್ಮ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಹದಿನೆಂಟು ವರ್ಷಗಳಿಂದ ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಿಸಿಕೊಂಡಿರಲಿಲ್ಲ. ಗೊತ್ತಿಲ್ಲದ ಲಿಂಕ್ ಒತ್ತಬೇಡ, ಯಾರದೋ ಪೆನ್‌ಡ್ರೈವ್ ತಂದು ಚುಚ್ಚಬೇಡ, ಪುಕ್ಕಟೆ ಎಂದು ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳಬೇಡ, ಹತ್ತು ಕಡೆ ಒಂದೇ ಪಾಸ್‌ವರ್ಡ್ ಇಡಬೇಡ ಎಂದು ಬೆಳಗಿನಿಂದ ಸಂಜೆಯವರೆಗೆ ಬೇಡಗಳನ್ನೇ ಹಂಚುವವಳಿಗೆ ಇನ್ಯಾವ ಹೆಸರು ತಾನೇ ಸಿಕ್ಕೀತು?

ಪ್ರೀತಿಸಿದವನ ಹೆಸರಿನ ಮುಂದೆ ಒಂದು ಎರಡು ಮೂರು ಸೇರಿಸಿ ಅದನ್ನು ಪಾಸ್‌ವರ್ಡ್ ಎಂದು ಕರೆಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಅವನು ಕೈ ಕೊಟ್ಟ ಮೇಲೆ ಬೀಗ ಬದಲಾಯಿಸ್ತೀಯೋ, ಇಲ್ಲಾ ಹೊಸಬನಿಗೂ ಹಳಬನ ಹೆಸರೇ ಇಡ್ತೀಯೋ?" ಎಂದು ಇಡೀ ಕ್ಲಾಸಿನ ಎದುರು ಕೇಳಿ ಮಾನ ಹರಾಜು ಹಾಕುತ್ತಿದ್ದಳು.

ಅವಳು 'ಮಾಡಿ' ಎಂದು ಹೇಳಿಕೊಟ್ಟಿದ್ದು ಒಂದೇ ಒಂದು. ಅದಕ್ಕೆ ಅವಳಿಟ್ಟ ಹೆಸರು ಎರಡನೇ ಬೀಗ. ಯಾರಾದರೂ ಸರಿಯಾದ ಪಾಸ್‌ವರ್ಡ್ ಹಾಕಿಯೇ ನಿಮ್ಮ ಖಾತೆಯೊಳಗೆ ನುಗ್ಗಲು ಬಂದರೂ, ಬೇರೊಂದು ಫೋನು ಗುಂಯ್ ಎಂದು ನಡುಗಿ ಕೇಳುತ್ತದೆ: ಯಾರೋ ಬಂದಿದ್ದಾರೆ, ಒಳಗೆ ಬಿಡಬೇಕೇ? ಅದರ ಕೆಳಗೆ ಎರಡು ಗುಂಡಿ. 'ಹೌದು, ಬಿಡಿ' ಎಂದೊಂದು, 'ಬೇಡ' ಎಂದೊಂದು. ಆ ಬೇರೊಂದು ಫೋನು ಯಾರದಾಗಿರಬೇಕು? ನಿಮ್ಮಮ್ಮನದು, ಎನ್ನುತ್ತಿದ್ದಳು ಬೇಡಮ್ಮ. ಹುಡುಗಿಯರು ಹಾಡು ಕೇಳುತ್ತ, ಬಸ್ಸು ಹತ್ತುತ್ತ, ಏನು ಬಂದರೂ ಒತ್ತಿಬಿಡುವ ಜಾತಿ. ತಾಯಂದಿರು ಹಾಗಲ್ಲ, ತಿಳಿಯದ್ದು ಬಂದರೆ ಬೇಡ ಎನ್ನುತ್ತಾರೆ. ಈ ಲೆಕ್ಕಾಚಾರದ ಬಗ್ಗೆ ಅವಳಿಗೆ ಬಹಳ ಹೆಮ್ಮೆಯಿತ್ತು.

ಆ ಮಾತನ್ನು ಮೊದಲು ಪಾಲಿಸಿದವಳು ಚೂಟಿ, ಬೇಡಮ್ಮನ ಅಕ್ಕನ ಒಬ್ಬಳೇ ಮಗಳು. ಅದೇ ಕಾಲೇಜಿನಲ್ಲಿ ಎರಡನೇ ವರ್ಷ, ಲ್ಯಾಬಿನಲ್ಲಿ ಹದಿನೇಳನೆಯ ಕಂಪ್ಯೂಟರು. ಅವತ್ತು ಸಂಜೆಯೇ ಅಮ್ಮನ ಫೋನಿನಲ್ಲಿ ಎರಡನೇ ಬೀಗ ಕೂಡಿಸಿ, "ಚಿಕ್ಕಮ್ಮಾ, ಇನ್ಮೇಲೆ ಕಳ್ಳ ಬರಬೇಕು ಅಂದ್ರೂ ಅಮ್ಮನ್ನ ಕೇಳ್ಕೊಂಡೇ ಬರಬೇಕು" ಎಂದು ನಕ್ಕಿದ್ದಳು.

ಚೂಟಿ ತೀರಿಕೊಂಡು ಹನ್ನೊಂದು ವಾರವಾಗಿತ್ತು. ನಾಲ್ಕೇ ದಿನದ ಜ್ವರ. ಹದಿನೇಳನೆಯ ಕುರ್ಚಿಯಲ್ಲಿ ಕೂರಲು ಯಾರಿಗೂ ಧೈರ್ಯವಿರಲಿಲ್ಲ, ಬೇಡಮ್ಮನೂ ಯಾರಿಗೂ ಕೂರು ಎಂದು ಹೇಳಿರಲಿಲ್ಲ.

ಆ ಸೋಮವಾರ ಹನ್ನೊಂದು ಗಂಟೆಯ ಕ್ಲಾಸು ಶುರುವಾಗಿ ಹತ್ತು ನಿಮಿಷವಾಗಿರಬಹುದು. ಬಾಗಿಲ ಬಳಿಯ ಟ್ರೇಯಲ್ಲಿ ಇಪ್ಪತ್ತೆರಡು ಫೋನುಗಳು ಒಟ್ಟಿಗೇ ನಡುಗಿದವು. ಮರದ ಮೇಲೆ ಆ ಸದ್ದು ಎಷ್ಟು ಜೋರಾಗಿತ್ತೆಂದರೆ ಪಾಠ ಅರ್ಧಕ್ಕೇ ನಿಂತಿತು. ತುದಿಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಬಗ್ಗಿ ನೋಡಿದಳು. ನೋಡಿದವಳು ಹಾಗೇ ನೆಲಕ್ಕೆ ಕುಸಿದು ಕೂತಳು.

ಕ್ಲಾಸಿನ ಗುಂಪಿಗೆ ಸಂದೇಶ ಬಂದಿತ್ತು. ಮೇಲೆ ಚೂಟಿಯ ಹೆಸರು, ಚೂಟಿಯ ನಗುಮುಖ, ಪಕ್ಕದಲ್ಲಿ ಈಗ ಇಲ್ಲೇ ಇದ್ದೇನೆ ಎನ್ನುವ ಹಸಿರು ಚುಕ್ಕಿ.

'ಯಾಕ್ರೇ ಯಾರೂ ನನ್ನ ಜೊತೆ ಮಾತಾಡ್ತಿಲ್ಲ? ಇಲ್ಲಿ ತುಂಬಾ ಬೇಜಾರು. ನಮ್ಮ ಹಳೇ ಫೋಟೊ ಹಾಕಿದೀನಿ, ನೋಡಿ.' ಅದರ ಕೆಳಗೆ ಒಂದು ಲಿಂಕ್.

ಒಬ್ಬಳು ಅಳಲು ಶುರು ಮಾಡಿದಳು. ಅದು ಎಲ್ಲರಿಗೂ ಹಬ್ಬಿತು. ಹದಿನೆಂಟು ವರ್ಷದ ಅಭ್ಯಾಸ ಬೇಡಮ್ಮನ ಬಾಯಿಂದ ತಾನಾಗಿಯೇ ಮಾತಾಡಿತು.

"ಯಾರೂ ಮುಟ್ಟಬೇಡಿ! ಅದು ಅವಳಲ್ಲ. ಅವಳ ಖಾತೆಗೆ ಯಾರೋ ನುಗ್ಗಿದಾರೆ. ಆ ಲಿಂಕ್ ಒತ್ತಿದ್ರೆ ಫೋಟೊನೂ ಇರಲ್ಲ, ಮಣ್ಣೂ ಇರಲ್ಲ. ಪಾಸ್‌ವರ್ಡ್ ಹಾಕಿ ಅಂತ ಕೇಳುತ್ತೆ, ಹಾಕಿದವಳ ಕಥೆ ಮುಗೀತು."

"ಇಲ್ಲಿ ಅಂದ್ರೆ ಎಲ್ಲಿ ಮೇಡಂ?" ಎಂದು ನೆಲದಲ್ಲಿ ಕೂತವಳು ಕೇಳಿದಳು.

ಬೇಡಮ್ಮ ಅವಳ ತೋಳು ಹಿಡಿದು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದಳು.

ಆ ಕ್ಲಾಸನ್ನು ಬೇಗ ಬಿಟ್ಟು, ಮಧ್ಯಾಹ್ನದ ಕ್ಲಾಸುಗಳನ್ನು ಹೇಗೋ ಮುಗಿಸಿ, ಲ್ಯಾಬಿನ ಹಿಂದಿನ ತನ್ನ ಪುಟ್ಟ ಕೋಣೆಗೆ ಹೋಗಿ ಅವಳು ತನ್ನ ಫೋನು ತೆರೆದಳು. ಅಲ್ಲಿಯೂ ಒಂದು ಸಂದೇಶ ಕಾದಿತ್ತು. 'ಚಿಕ್ಕಮ್ಮಾ, ಕಣ್ಣಿಗೆ ಮದ್ದು ಹಾಕ್ಕೊಂಡ್ರಾ?'

ದಿನವಿಡೀ ಪರದೆ ನೋಡಿ ಕೆಂಪಾಗುವ ತನ್ನ ಕಣ್ಣಿನ ಬಗ್ಗೆ ಜಗತ್ತಿನಲ್ಲಿ ವಿಚಾರಿಸುತ್ತಿದ್ದವಳು ಚೂಟಿ ಒಬ್ಬಳೇ. ಒಳಗೆ ಬಂದವನು ಹಳೆಯ ಸಂದೇಶಗಳನ್ನೆಲ್ಲ ಓದಿದ್ದಾನೆ, ಯಾರಿಗೆ ಯಾವ ಧಾಟಿಯಲ್ಲಿ ಮಾತಾಡಬೇಕೆಂದು ಕಲಿತಿದ್ದಾನೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಪಾಠ ಹೇಳಿದವಳೇ ಅವಳು. ಆದರೂ ಹೆಬ್ಬೆರಳು ತಾನಾಗಿ 'ಹಾಕ್ಕೊಂಡೆ ಕಣೇ' ಎಂದು ಬರೆಯಿತು. ಕಳಿಸುವ ಗುಂಡಿಯ ಮೇಲೆ ಎಷ್ಟು ಹೊತ್ತು ನಿಂತಿತ್ತೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಒಂದೊಂದೇ ಅಕ್ಷರ ಅಳಿಸಿದಳು.

ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಅರ್ಜಿಯಿತ್ತು. ತೀರಿಕೊಂಡವರ ಖಾತೆಗೆ ಬೀಗ ಹಾಕಿಸಲು ಮನೆಯವರು ಕಳಿಸಬೇಕಾದ ಅರ್ಜಿ. ಮೂರನೇ ವಾರದಲ್ಲೇ ಅವಳು ಅದನ್ನು ತುಂಬಿಟ್ಟಿದ್ದಳು. ಕಳಿಸಲು ಮನಸ್ಸು ಬಂದಿರಲಿಲ್ಲ. ಇನ್ನೊಂದು ವಾರ ಇರಲಿ, ಇನ್ನೊಂದು ವಾರ ಇರಲಿ ಎಂದು ಮುಂದೂಡಿದ್ದಳು. ಮಂದಿಗೆಲ್ಲ ಬುದ್ಧಿ ಹೇಳುವವಳು ತನ್ನ ಮನೆಯ ವಿಷಯಕ್ಕೆ ಬಂದಾಗ ಕಣ್ಣು ಮುಚ್ಚಿ ಕೂತಿದ್ದಳು.

ಚೂಟಿಯ ಪಾಸ್‌ವರ್ಡ್ ಹೇಗೆ ಹೋಯಿತೆಂದು ಊಹಿಸಲು ಕಷ್ಟವಿರಲಿಲ್ಲ. ಪರೀಕ್ಷೆಯ ಪ್ರಶ್ನೋತ್ತರ ಪುಕ್ಕಟೆ ಕೊಡುತ್ತೇವೆ ಎಂದ ಯಾವುದೋ ತಾಣಕ್ಕೆ ಕ್ಲಾಸಿನ ಅರ್ಧ ಹುಡುಗಿಯರು ಸೇರಿದ್ದರು. ಅಲ್ಲಿಟ್ಟ ಪಾಸ್‌ವರ್ಡನ್ನೇ ಇಲ್ಲೂ ಇಟ್ಟಿರುತ್ತಾಳೆ, ಚಿಕ್ಕಮ್ಮನ ಬೇಡವನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರುತ್ತಾಳೆ. ಅದು ಸರಿ. ಆದರೆ ಎರಡನೇ ಬೀಗ? ಅದು ಅಕ್ಕನ ಫೋನಿನಲ್ಲಿದೆ. ಅದನ್ನು ಒಡೆಯಲಾಗುವುದಿಲ್ಲ, ಯಾರಾದರೂ ಒಳಗಿನಿಂದ ತೆರೆಯಬೇಕು.

ಹೊಳೆದದ್ದೇ ತಡ, ಬೇಡಮ್ಮ ಅಕ್ಕನ ಮನೆಗೆ ಹೊರಡಲು ಎದ್ದಳು.

ಆಗ ಬಾಗಿಲು ತಳ್ಳಿಕೊಂಡು ಗುಬ್ಬಿ ಬಂದಳು. ಹದಿನಾರನೆಯ ಕಂಪ್ಯೂಟರಿನವಳು, ಚೂಟಿಯ ಪ್ರಾಣಸ್ನೇಹಿತೆ, ಒಂದು ಹಿಡಿ ಮಾಂಸವಿಲ್ಲದ ಹುಡುಗಿ. ಬೆಳಗಿನ ಗಲಾಟೆಯಲ್ಲಿ ಎಲ್ಲರೂ ಅತ್ತಿದ್ದರು, ಇವಳೊಬ್ಬಳು ಅತ್ತಿರಲಿಲ್ಲ. ಅದು ಬೇಡಮ್ಮನಿಗೆ ಈಗ ನೆನಪಾಯಿತು.

"ಮೇಡಂ, ಅವಳು ನನ್ನ ಹತ್ರ ಒಂಬತ್ತು ದಿನದಿಂದ ಮಾತಾಡ್ತಿದಾಳೆ."

"ಅವಳಲ್ಲ."

"ಗೊತ್ತು ಮೇಡಂ. ಮೊದಲು ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ಮಾತಾಡ್ದೆ." ಗುಬ್ಬಿ ಗೋಡೆಗೆ ಆತು ನಿಂತಳು. "ಆಸ್ಪತ್ರೆಗೆ ಬಂದೂ ಒಳಗೆ ಬರದೆ ವಾಪಸ್ ಹೋದೆ ಅಂತ ಹೇಳ್ಬೇಕಿತ್ತು. ಹೇಳ್ದೆ. ಬೈತಾಳೆ ಅಂದ್ಕೊಂಡೆ, ಪರವಾಗಿಲ್ಲ ಬಿಡೇ ಅಂತ ಬರೆದ್ಲು. ಆಮೇಲೆ ತಡೀಲಿಲ್ಲ. ಮನೇಲಿ ಅಪ್ಪ ಏನೇನು ಮಾಡ್ತಾರೆ, ಅಮ್ಮ ಯಾಕೆ ತೋಳು ಮುಚ್ಚೋ ಬಟ್ಟೆ ಹಾಕ್ತಾರೆ, ಎಲ್ಲಾ ಹೇಳ್ಬಿಟ್ಟೆ."

ಅವಳು ಫೋನು ಮುಂದೆ ಹಿಡಿದಳು. ಕೊನೆಯ ಸಂದೇಶದಲ್ಲಿ ಚೂಟಿಯ ಧಾಟಿ ಒಂದಿಷ್ಟೂ ಉಳಿದಿರಲಿಲ್ಲ. 'ಇವತ್ತು ಐದು ಗಂಟೆಗೆ ನಿನ್ನ ಖಾತೆಗೆ ಬರ್ತೀನಿ. ನಿಮ್ಮಮ್ಮನ ಫೋನ್ ಕೇಳಿದಾಗ ನೀನೇ ಹೌದು ಅಂತ ಒತ್ತು. ಇಲ್ಲಾಂದ್ರೆ ನಿನ್ನ ಮನೆ ಕಥೆ ಇಡೀ ಕ್ಲಾಸಿಗೆ ಕಳಿಸ್ತೀನಿ.' ಮೇಲೆ ಚೂಟಿ ಹಾಗೇ ನಗುತ್ತಿದ್ದಳು.

"ನಾನು ಒತ್ತಿದ್ರೆ ನನ್ನ ಹೆಸರಲ್ಲೂ ಯಾರೋ ಮಾತಾಡ್ತಾರೆ, ಅಲ್ವಾ ಮೇಡಂ? ನಾನು ಬದುಕಿದ್ದಾಗಲೇ?"

ಬೇಡಮ್ಮ ಅವಳನ್ನು ಕೂರಿಸಿ ನೀರು ಕೊಟ್ಟಳು. ಮೊದಲ ಸಲ ಬೈಯಲು ಮನಸ್ಸಾಗಲಿಲ್ಲ. "ಒತ್ತಬೇಡ. ಉತ್ತರ ಕೊಡಬೇಡ. ಅಳಿಸಲೂ ಬೇಡ, ಎಲ್ಲಾದರ ಚಿತ್ರ ತೆಗೆದಿಟ್ಟುಕೋ. ನಾಳೆ ಬೆಳಿಗ್ಗೆ ನಾನೇ ನಿನ್ನ ಜೊತೆ ಪೊಲೀಸ್ ಠಾಣೆಗೆ ಬರ್ತೀನಿ. ಮನೆ ವಿಷಯನೂ ಅಲ್ಲೇ ಹೇಳೋಣ, ಅದು ನೀನು ಹೊತ್ಕೊಂಡು ತಿರುಗೋ ವಿಷಯ ಅಲ್ಲ."

"ಐದು ಗಂಟೆಗೆ ಕಳಿಸಿಬಿಟ್ರೆ?"

"ಐದಕ್ಕೆ ಮುಂಚೆ ಅವನನ್ನ ಹೊರಗೆ ಹಾಕ್ತೀನಿ" ಎಂದಳು ಬೇಡಮ್ಮ. ಹೇಳಿದ ಮೇಲೆ ಅದರ ಭಾರ ತಿಳಿಯಿತು. ಹೊರಗೆ ಹಾಕುವ ಗುಂಡಿ ಇದ್ದದ್ದು ಅಕ್ಕನ ಕೈಯಲ್ಲಿ.

ಅಕ್ಕ ಟೈಲರ್. ಬೀದಿಗೆ ಮುಖ ಮಾಡಿದ ಕೋಣೆಯೇ ಅಂಗಡಿ, ಅದೇ ಮನೆಯ ಹಜಾರ. ಕಿಟಕಿಯ ಕೆಳಗೆ ಮೋಟಾರಿನ ಹೊಲಿಗೆ ಯಂತ್ರ, ಪಕ್ಕದಲ್ಲಿ ನೂಲಿನ ಡಬ್ಬ, ಡಬ್ಬಕ್ಕೆ ಒರಗಿಸಿಟ್ಟ ಫೋನು. ಬಾವ ತೀರಿಕೊಂಡ ಒಂಬತ್ತು ವರ್ಷದಿಂದ ಆ ಯಂತ್ರ ಹಗಲೆಲ್ಲ ನಿಂತದ್ದೇ ಇಲ್ಲ. ಅದರ ಸದ್ದಿನಲ್ಲಿ ಬಾಗಿಲು ತಟ್ಟಿದರೆ ಅಕ್ಕನಿಗೆ ಕೇಳಿಸುತ್ತಿರಲಿಲ್ಲ. ಬೀದಿ ಬಾಗಿಲಿಗೆ ಸದಾ ಒಳಗಿನಿಂದ ಅಗುಳಿ. ಅದಕ್ಕೇ ತಾಯಿ ಮಗಳು ಒಂದು ಒಪ್ಪಂದ ಮಾಡಿಕೊಂಡಿದ್ದರು: ಚೂಟಿ ಕಾಲೇಜಿನಿಂದ ಬಂದು ಮೆಟ್ಟಿಲ ಮೇಲೆ ನಿಂತು ಒಂದು ಮಿಸ್ ಕಾಲ್ ಕೊಡುವುದು, ನೂಲಿನ ಡಬ್ಬದ ಪಕ್ಕ ಫೋನು ನಡುಗುವುದು, ಅಕ್ಕ ಎದ್ದು ಅಗುಳಿ ತೆಗೆಯುವುದು. ದಿನಾ ನಾಲ್ಕೂವರೆಗೆ.

ಬೇಡಮ್ಮ ಬಂದಾಗ ನಾಲ್ಕು ಗಂಟೆ ಹತ್ತು ನಿಮಿಷ. ಹಿಂದಿನ ಓಣಿಯಿಂದ ಅಡುಗೆಮನೆಯ ಬಾಗಿಲಲ್ಲಿ ಒಳಗೆ ಬಂದಳು. ಹಜಾರದಲ್ಲಿ ಯಂತ್ರದ ಸದ್ದಿರಲಿಲ್ಲ. ಅಕ್ಕ ಮುಖ ತೊಳೆದು, ತಲೆ ಬಾಚಿ, ಫೋನಿನ ಎದುರು ಸ್ಟೂಲಿನ ಮೇಲೆ ಕೂತಿದ್ದಳು. ಹನ್ನೊಂದು ವಾರದಿಂದ ಮಣ್ಣು ಬಣ್ಣಕ್ಕೆ ತಿರುಗಿದ್ದ ಮುಖದಲ್ಲಿ ಕಳೆ ಬಂದಿತ್ತು.

"ಮಾತಾಡ್ಬೇಡ ಕಣೇ, ಹೊತ್ತಾಯ್ತು" ಎಂದಳು ಅಕ್ಕ. "ಬರೋ ಹೊತ್ತಾಯ್ತು."

"ಯಾರು ಅಕ್ಕ?"

"ಯಾರು ಅಂತೀಯಲ್ಲ. ನಿನಗೆ ಹೇಳಿದ್ರೆ ಬೈತೀಯ ಅಂತ ಹೇಳಿರ್ಲಿಲ್ಲ."

ಬೇಡಮ್ಮ ನೆಲದ ಮೇಲೆ, ಬಟ್ಟೆ ಚೂರುಗಳ ಮಧ್ಯೆ ಕೂತಳು. ಅಕ್ಕನ ಮಾತನ್ನು ತಡೆಯದೆ ಕೇಳಿದಳು.

ಹತ್ತು ದಿನದ ಹಿಂದೆ, ಸರಿಯಾಗಿ ನಾಲ್ಕೂವರೆಗೆ, ಡಬ್ಬದ ಪಕ್ಕ ಫೋನು ನಡುಗಿತ್ತು. ಮಗಳ ಹೆಸರಿನಲ್ಲಿ ಯಾರೋ ಬಂದಿದ್ದಾರೆ, ಒಳಗೆ ಬಿಡಬೇಕೇ ಎಂದಿತ್ತು. ತಂಗಿ ಹೇಳಿಕೊಟ್ಟಂತೆ ಅಕ್ಕ ಬೇಡ ಒತ್ತಿದಳು. ಮತ್ತೆ ನಡುಗಿತು. ಮತ್ತೆ ಬೇಡ. ಒತ್ತಿದಷ್ಟೂ ಬಂತು.

"ಹತ್ತೊಂಬತ್ತು ಸಲ ಕಣೇ. ನಾನು ಎಣಿಸ್ದೆ. ಮಗು ಹೊರಗೆ ನಿಂತು ಹತ್ತೊಂಬತ್ತು ಸಲ ಕರೀತಿದೆ, ನಾನು ಇಲ್ಲಿ ಕೂತ್ಕೊಂಡು ಬೇಡ ಬೇಡ ಅಂತಿದೀನಿ. ಯಾವ ತಾಯಿ ಮಾಡ್ತಾಳೆ? ಇಪ್ಪತ್ತನೇ ಸಲ ಬಿಡಿ ಅಂತ ಒತ್ತಿಬಿಟ್ಟೆ. ಆಮೇಲೆ ದಿನಾ ಬರ್ತಾಳೆ. ಅಮ್ಮಾ ಬಾಗಿಲು ತೆಗಿ ಅಂತ ಬರೀತಾಳೆ. ನಾನು ತೆಗೀತೀನಿ."

ಬೇಡಮ್ಮನಿಗೆ ಎಲ್ಲವೂ ಅರ್ಥವಾಯಿತು. ಕಳ್ಳನಿಗೆ ನಾಲ್ಕೂವರೆ ಏನೆಂದು ಮೊದಲ ದಿನ ಗೊತ್ತಿರಲಿಲ್ಲ, ಸುಮ್ಮನೆ ಬೇಸರ ಬರುವವರೆಗೆ ಬಡಿದಿದ್ದ. ಒಳಗೆ ಬಂದು ತಾಯಿ ಮಗಳ ಹಳೆಯ ಮಾತು ಓದಿದ ಮೇಲೆ ಗೊತ್ತಾಯಿತು. ಹೊಸ ಜಾಗದಿಂದ ಬಂದವರನ್ನು ಖಾತೆ ದಿನಕ್ಕೊಮ್ಮೆ ತಡೆದು ಕೇಳುತ್ತದೆ, ಒಮ್ಮೆ ಬಿಟ್ಟರೆ ಮರುದಿನ ಅದೇ ಹೊತ್ತಿನವರೆಗೆ ಒಳಗಿರಬಹುದು. ದಿನಕ್ಕೊಮ್ಮೆ ಬಿಡಲು ಇಲ್ಲೊಬ್ಬಳು ತಲೆ ಬಾಚಿ ಕಾಯುತ್ತಾಳೆ. ತಾಯಂದಿರು ತಿಳಿಯದ್ದಕ್ಕೆಲ್ಲ ಬೇಡ ಎನ್ನುತ್ತಾರೆ ಎಂದು ಬೋರ್ಡಿನ ಮುಂದೆ ಬೀಗಿದ್ದವಳು ತಾನೇ. ಯಾರಿಗಾಗಿಯೋ ಕಾಯುತ್ತಿರುವ ತಾಯಿಯ ಲೆಕ್ಕವನ್ನು ತಾನು ಹಿಡಿದಿರಲೇ ಇಲ್ಲ.

"ಅಕ್ಕ, ಅದು ಅವಳಲ್ಲ."

ಅಕ್ಕ ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ಅವಳ ಮುಖ ಹಾಕ್ಕೊಂಡು ಯಾರೋ ಬರ್ತಿದಾನೆ. ಗುಬ್ಬಿನ ಹೆದರಿಸ್ತಿದಾನೆ. ಐದು ಗಂಟೆಗೆ ಆ ಹುಡುಗಿ ಅವನು ಹೇಳಿದ್ದು ಮಾಡ್ದಿದ್ರೆ ಅವಳ ಮನೆ ಮಾನ ಬೀದಿಗೆ ಹಾಕ್ತಾನಂತೆ. ಇನ್ನು ಸ್ವಲ್ಪ ಹೊತ್ತಿಗೆ ಫೋನ್ ಕೇಳುತ್ತೆ. ನೀನು ಬೇಡ ಅಂದ್ರೆ ಅವನು ಹೊರಗೇ ಉಳೀತಾನೆ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿಬಿಡೋಣ."

"ಅವಳ ಫೋಟೊ? ಅವಳು ಬರೆದಿದ್ದು?"

"ಎಲ್ಲಾ ಇರುತ್ತೆ ಅಕ್ಕ. ಒಂದೂ ಹೋಗಲ್ಲ. ಬರೋದು ಮಾತ್ರ ನಿಲ್ಲುತ್ತೆ."

"ನನಗೆ ಬೇಕಾಗಿರೋದು ಅದೊಂದೇ ಅಲ್ವೇನೇ" ಎಂದಳು ಅಕ್ಕ ಮೆಲ್ಲಗೆ.

ಬೇಡಮ್ಮ ಕೈ ಚಾಚಿದರೆ ಫೋನು ಸಿಗುತ್ತಿತ್ತು. ಕಸಿದುಕೊಂಡು ತಾನೇ ಒತ್ತಿಬಿಡಬಹುದಿತ್ತು. ಗುಬ್ಬಿಯ ಮುಖ ಕಣ್ಣೆದುರು ಬಂತು, ಕೈ ಒಂದು ಗೇಣು ಮುಂದೆ ಹೋಯಿತು. ಆದರೆ ಆಸ್ಪತ್ರೆಯಲ್ಲಿ ಮಗಳ ಕೈಯನ್ನು ಅಕ್ಕನ ಹಿಡಿತದಿಂದ ಬಿಡಿಸಿದವಳೂ ಅವಳೇ ಆಗಿದ್ದಳು. ಇನ್ನೊಮ್ಮೆ ಅದು ಅವಳಿಂದಾಗುತ್ತಿರಲಿಲ್ಲ. ಕೈ ಮಡಿಲಿಗೆ ಮರಳಿತು.

ಗೋಡೆಯ ಗಡಿಯಾರದಲ್ಲಿ ಮುಳ್ಳು ನಾಲ್ಕೂವರೆಗೆ ಬಂತು. ನೂಲಿನ ಡಬ್ಬದ ಪಕ್ಕ ಫೋನು ನಡುಗಿತು.

ಅಕ್ಕ ಎದ್ದಳು. ಫೋನನ್ನು ಮುಟ್ಟಲಿಲ್ಲ. ನೇರ ಬೀದಿ ಬಾಗಿಲಿಗೆ ಹೋಗಿ ಅಗುಳಿ ಸರಿಸಿ ಎರಡೂ ಕದ ತೆರೆದಳು. ಬಿಸಿಲು ಒಳಗೆ ಬಂತು. ಮೂರು ಮೆಟ್ಟಿಲು, ಬೀದಿ, ಎದುರು ಮನೆಯ ಗೋಡೆಗೆ ಒರಗಿಸಿದ ಒಂದು ಸೈಕಲ್ಲು. ಫೋನು ಹಿಂದಿನಿಂದ ಗುಂಯ್‌ಗುಟ್ಟುತ್ತಲೇ ಇತ್ತು. ಅಕ್ಕ ಹೊಸ್ತಿಲ ಮೇಲೆ ನಿಂತು ಬೀದಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು. ಆಮೇಲೆ ಬಗ್ಗಿ, ಚೂಟಿ ಯಾವಾಗಲೂ ನಿಲ್ಲುತ್ತಿದ್ದ ಮೇಲಿನ ಮೆಟ್ಟಿಲನ್ನು ಅಂಗೈಯಿಂದ ಸವರಿದಳು.

ಬೇಡಮ್ಮನೂ ಕತ್ತು ಚಾಚಿ ನೋಡಿದಳು. ಅಲ್ಲಿ ಯಾರೂ ಇಲ್ಲ ಎಂದು ಖಂಡಿತ ತಿಳಿದವಳೂ ನೋಡಿದಳು.

ಅಕ್ಕ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಪರದೆಯಲ್ಲಿ ಮಗಳ ಹೆಸರಿನ ಕೆಳಗೆ ಆ ಪ್ರಶ್ನೆ, ಅದರ ಮೇಲೆ, ನಿನ್ನೆಯ ಗಡುವು ಮುಗಿದು ಹೊರಬೀಳುವ ಮುನ್ನ ಅವನು ಬರೆದಿಟ್ಟ ಸಂದೇಶ: 'ಅಮ್ಮಾ ಬಾಗಿಲು ತೆಗಿ, ಪ್ಲೀಸ್.'

"ಇದೊಂದು ಮಾತು ನನಗೂ ಚುಚ್ತಿತ್ತು" ಎಂದಳು ಅಕ್ಕ. "ನನ್ನ ಮಗಳು ಎಂದಾದ್ರೂ ನನಗೆ ಪ್ಲೀಸ್ ಅಂದಿದ್ದುಂಟಾ? ಕಾಲು ನೋಯ್ತಿದೆ, ಬೇಗ ತೆಗಿಯೇ ಅಂತಿದ್ಲು. ಹಾಗೆ ಬರೆದ ಮೊದಲನೇ ದಿನನೇ ಗೊತ್ತಾಗಿತ್ತು ಕಣೇ. ಗೊತ್ತಿಲ್ಲ ಅಂತ ಇದ್ದೆ."

ಬೆರಳು ಪರದೆಯ ಮೇಲೆ ನಿಂತಿತು. ಅಕ್ಕ 'ಬೇಡ' ಒತ್ತಿದಳು.

ಫೋನು ಮತ್ತೆ ನಡುಗಿತು. ಮತ್ತೆ ಒತ್ತಿದಳು. ಪ್ರತಿಸಲವೂ ಅವಳ ಭುಜ ಒಮ್ಮೆ ಕುಲುಕುತ್ತಿತ್ತು. ಏಳನೆಯ ಸಲಕ್ಕೆ ಕಣ್ಣೀರು ಪರದೆಯ ಮೇಲೆ ಬಿದ್ದು ಗುಂಡಿ ಕೆಲಸ ಮಾಡದೆ ಹೋಯಿತು. ಬೇಡಮ್ಮ ಒಂದು ಬಟ್ಟೆ ಚೂರಿನಿಂದ ಒರೆಸಿ ಕೊಟ್ಟಳು. ಅಕ್ಕ ಮತ್ತೆ ಒತ್ತಿದಳು. ಹನ್ನೆರಡನೆಯ ಸಲದ ನಂತರ ಫೋನು ಸುಮ್ಮನಾಯಿತು.

ಬೇಡಮ್ಮ ತಡಮಾಡಲಿಲ್ಲ. ಎರಡನೇ ಬೀಗವಿದ್ದ ಆ ಫೋನಿನಿಂದಲೇ ಖಾತೆಯೊಳಗೆ ಹೋಗಿ, ಎಲ್ಲೆಲ್ಲಿ ತೆರೆದಿತ್ತೋ ಅಲ್ಲೆಲ್ಲ ಮುಚ್ಚಿ, ಹೊಸ ಪಾಸ್‌ವರ್ಡ್ ಕೇಳುವ ಜಾಗಕ್ಕೆ ತಂದು ಫೋನನ್ನು ಅಕ್ಕನ ಕೈಗೆ ಕೊಟ್ಟಳು. "ಬೇರೆಲ್ಲೂ ಇಡದೇ ಇರೋದು ಇಡು. ನನಗೂ ಹೇಳ್ಬೇಡ" ಎಂದು, ತಾನು ಹುಡುಗಿಯರಿಗೆ ಕಲಿಸಿದಂತೆ, ಮುಖ ಗೋಡೆಯ ಕಡೆ ತಿರುಗಿಸಿ ಕೂತಳು. ಅಕ್ಕ ಒಂದೇ ಬೆರಳಿನಲ್ಲಿ ಒತ್ತುವ ಸದ್ದು ಬಹಳ ಹೊತ್ತು ಕೇಳಿಸಿತು. ಅಷ್ಟುದ್ದದ ಪಾಸ್‌ವರ್ಡನ್ನು ಬೇಡಮ್ಮನ ಹದಿನೆಂಟು ವರ್ಷದಲ್ಲಿ ಯಾವ ವಿದ್ಯಾರ್ಥಿನಿಯೂ ಇಟ್ಟಿರಲಿಲ್ಲ.

ಐದು ಗಂಟೆ ದಾಟಿ ಇಪ್ಪತ್ತು ನಿಮಿಷಕ್ಕೆ ಗುಬ್ಬಿ ಬರೆದಳು: 'ಅಮ್ಮನ ಫೋನ್ ಕೇಳ್ತು ಮೇಡಂ, ಬೇಡ ಒತ್ತಿದೆ. ಗುಂಪಿಗೆ ಇನ್ನೂ ಏನೂ ಬಂದಿಲ್ಲ. ಅವಳ ಚುಕ್ಕಿ ಆರಿದೆ.' ಇನ್ನೂ ಎಂಬ ಆ ಮಾತು ಬೇಡಮ್ಮನ ಕಣ್ಣಿಗೆ ಬಿತ್ತು. ಅವನು ಓದಿದ್ದನ್ನು ಯಾರೂ ಅವನ ತಲೆಯಿಂದ ತೆಗೆಯಲಾರರು, ನಾಳೆ ಬೇರೆ ಹೆಸರಿನಲ್ಲಿ ಬಂದರೂ ಬಂದಾನು. ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಮುಂದೆ ಸಿಗು ಎಂದು ಉತ್ತರ ಬರೆದಳು. ಠಾಣೆಯಿಂದ ಬಂದ ಮೇಲೆ ಹುಡುಗಿಯರ ಎದುರು ನಿಂತು, ಎರಡನೇ ಬೀಗದ ವಿಷಯದಲ್ಲಿ ತಪ್ಪಿದವಳು ನಾನು, ಅದನ್ನು ನಿಮ್ಮ ನಿಮ್ಮ ಫೋನಿಗೇ ತಂದುಕೊಳ್ಳಿ ಎಂದು ಹೇಳಬೇಕು. ಹದಿನೆಂಟು ವರ್ಷದಲ್ಲಿ ಮೊದಲ ಸಲ ತಪ್ಪು ಒಪ್ಪಿಕೊಳ್ಳಬೇಕಿತ್ತು.

ಅವಳು ಹೊರಡಲು ಎದ್ದಾಗ ಅಕ್ಕ ಯಂತ್ರದ ಮುಂದೆ ಕೂತಿದ್ದಳು. ಬಟ್ಟೆ ಸೂಜಿಯ ಕೆಳಗಿತ್ತು, ಆದರೆ ಮೋಟಾರು ಹಾಕಿರಲಿಲ್ಲ. ಬೀದಿ ಬಾಗಿಲು ಆಗಿನಿಂದ ತೆರೆದೇ ಇತ್ತು. ಮೆಟ್ಟಿಲ ಮೇಲಿನ ಬಿಸಿಲು ಹೋಗಿತ್ತು.

ಬೇಡಮ್ಮ ಹೊಸ್ತಿಲು ದಾಟಿ ತಿರುಗಿ ನಿಂತಳು. "ಒಬ್ಬಳೇ ಇರ್ತೀಯ. ನಾನು ಹೋದ್ಮೇಲೆ ಅಗುಳಿ ಹಾಕ್ಕೋ ಅಕ್ಕ."

"ಬೇಡ" ಎಂದಳು ಅಕ್ಕ.

ಬೇಡಮ್ಮ ಕದಗಳನ್ನು ಹಾಗೇ ಬಿಟ್ಟು, ಮೇಲಿನ ಮೆಟ್ಟಿಲನ್ನು ತುಳಿಯದೆ ದಾಟಿ, ಬೀದಿಗೆ ಇಳಿದಳು.